ಕಾರಂತರು ಹಲವು ದಾರಿ ತುಳಿದದ್ದೇಕೆ?

ಡಾ. ಕೋಟ ಶಿವರಾಮ ಕಾರಂತರ ಹೆಸರು ಕೇಳಿದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ‘ಚೋಮನ ದುಡಿ’ ಇಲ್ಲವೇ ‘ಮೂಕಜ್ಜಿಯ ಕನಸುಗಳು’. 40ಕ್ಕೂ ಹೆಚ್ಚು ಕಾದಂಬರಿಗಳನ್ನು ನೀಡಿದ ಅವರು ನಾಟಕ, ಪ್ರವಾಸಕಥನ, ಆತ್ಮಕಥೆ, ಅರ್ಥಕೋಶ, ಮಕ್ಕಳ ಪುಸ್ತಕ, ವಿಜ್ಞಾನ ಗ್ರಂಥಗಳನ್ನೂ ಬರೆದರು. ಕಾದಂಬರಿಯಲ್ಲೇ ಇಷ್ಟು ಹೆಸರು ಪಡೆದವರಿಗೆ ಉಳಿದ ದಾರಿಗಳೇಕೆ ಬೇಕಾದವು? ಅವರ ಬದುಕನ್ನು ಗಮನಿಸಿದರೆ ಉತ್ತರ ದೊರೆಯುತ್ತದೆ.

1902ರ ಅಕ್ಟೋಬರ್ 10ರಂದು ಕೋಟದಲ್ಲಿ ಜನಿಸಿದ ಕಾರಂತರು ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಮಂಗಳೂರಿನ ಕಾಲೇಜು ಶಿಕ್ಷಣವನ್ನು ಅರ್ಧಕ್ಕೇ ಬಿಟ್ಟರು. ಖಾದಿ ಪ್ರಚಾರಕ್ಕಾಗಿ ಊರೂರು ಸುತ್ತಿದರು. ಆ ತಿರುಗಾಟದಲ್ಲಿ ಕಂಡ ಜನಜೀವನವೇ ಮುಂದೆ ಬರಹಕ್ಕೆ ವಸ್ತುವಾಯಿತು.

1933ರ ‘ಚೋಮನ ದುಡಿ’ಯ ಚೋಮನಿಗೆ ಇದ್ದುದು ಒಂದೇ ಆಸೆ: ಸ್ವಂತಕ್ಕೆ ಬೇಸಾಯ ಮಾಡಬೇಕು. ಜಾತಿಯ ಕಟ್ಟಳೆ ಅದಕ್ಕೆ ಅಡ್ಡ ನಿಂತಿತು. ಭೂಮಿಗಾಗಿ ಕ್ರೈಸ್ತ ಧರ್ಮ ಸೇರಲು ಹೊರಟವನು ತನ್ನ ದೈವವನ್ನು ಬಿಡಲಾರದೆ ಹಿಂತಿರುಗಿದ. ಹಸಿದವನ ಅಗತ್ಯ ಮತ್ತು ಅವನ ನಂಬಿಕೆ, ಎರಡನ್ನೂ ಗೌರವಿಸಬೇಕೆಂಬ ಪಾಠ ಇಲ್ಲಿ ನಮಗೂ ಇದೆ. ಮನಸ್ಸಿನ ಇಂಥ ತೊಳಲಾಟವನ್ನು ಹೇಳಲು ಕಾದಂಬರಿಯೇ ಬೇಕಿತ್ತು.

ಆದರೆ ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಕ್ಕೆ ಇಳಿದಾಗ ಬೇರೊಂದು ಕೊರತೆ ಎದುರಾಯಿತು. ಲೋಕವನ್ನು ಮಕ್ಕಳಿಗೆ ಕನ್ನಡದಲ್ಲಿ ತೋರಿಸುವ ಪುಸ್ತಕಗಳು ಬಹಳ ಕಡಿಮೆ. ಇನ್ನೊಬ್ಬರು ಬರೆಯಲಿ ಎಂದು ಅವರು ಕಾಯಲಿಲ್ಲ. ಮೂರು ಸಂಪುಟಗಳ ‘ಬಾಲ ಪ್ರಪಂಚ’, ಬಳಿಕ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಹೀಗೆ ಬಂದವು. ಕಡಲನ್ನು ಕುರಿತ ರೇಚಲ್ ಕಾರ್ಸನ್ ಅವರ ಕೃತಿಯನ್ನೂ ಕನ್ನಡಕ್ಕೆ ತಂದರು.

ಯಕ್ಷಗಾನದಲ್ಲೂ ಇದೇ ರೀತಿ. ಅದರ ಹಳೆಯ ವೇಷ, ಕುಣಿತ, ಹಾಡುಗಾರಿಕೆ ಮರೆಯಾಗುವ ಮೊದಲು ದಾಖಲಾಗಬೇಕೆಂದು ಸಂಶೋಧನೆಗೆ ತೊಡಗಿದರು. 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಕಾದಂಬರಿಗಲ್ಲ, ‘ಯಕ್ಷಗಾನ ಬಯಲಾಟ’ಕ್ಕೆ. ಬರೆದು ಸುಮ್ಮನಾಗದೆ ತಂಡ ಕಟ್ಟಿ, ಸ್ವತಃ ಕುಣಿದು, ಪಿಟೀಲು, ಸ್ಯಾಕ್ಸೋಫೋನ್‌ಗಳನ್ನು ಬಳಸಿ ಹೊಸ ಪ್ರಯೋಗ ನಡೆಸಿದರು.

ಸಂಬಳದ ನೌಕರಿ ಹಿಡಿಯದ ಅವರಿಗೆ ಬರಹವೇ ಜೀವನೋಪಾಯವೂ ಆಗಿತ್ತು ಎಂಬುದನ್ನು ಮರೆಯಬಾರದು. ಆದರೆ ಹೊಟ್ಟೆಪಾಡೊಂದೇ ಕಾರಣವಾಗಿದ್ದರೆ ಜನಪ್ರಿಯ ಕಾದಂಬರಿಗಳೇ ಸಾಕಿದ್ದವು. ಸಂಪುಟಗಟ್ಟಲೆ ವಿಜ್ಞಾನ ಬರೆಯುವ ಶ್ರಮ ಬೇಕಿರಲಿಲ್ಲ.

1977ರ ಜ್ಞಾನಪೀಠ ಪ್ರಶಸ್ತಿಯ ನಂತರವೂ ಅವರು ವಿಶ್ರಮಿಸಲಿಲ್ಲ. ತುರ್ತುಪರಿಸ್ಥಿತಿಯನ್ನು ಖಂಡಿಸಿ ಪದ್ಮಭೂಷಣವನ್ನು ಮರಳಿಸಿದ್ದವರು, ಕೈಗಾ ಅಣುಸ್ಥಾವರದ ವಿರುದ್ಧವೂ ಹೋರಾಡಿದರು. 1989ರಲ್ಲಿ, 87ರ ವಯಸ್ಸಿನಲ್ಲಿ, ಪರಿಸರದ ಹೆಸರಿನಲ್ಲಿ ಲೋಕಸಭೆಗೆ ಸ್ಪರ್ಧಿಸಿ ಸೋತರು. 1997ರ ಡಿಸೆಂಬರ್ 9ರಂದು ನಮ್ಮನ್ನಗಲಿದರು.

ನಮಗೆ ಕಾಣುವಂತೆ, ಕಾರಂತರು ಪ್ರಕಾರಗಳನ್ನು ಹುಡುಕಿ ಹೋದವರಲ್ಲ. ಎದುರಿಗಿದ್ದ ಜನರಿಗೆ ಏನು ಬೇಕೆಂದು ನೋಡಿದರು. ಅದಕ್ಕೆ ತಕ್ಕ ಬರಹಕ್ಕೆ ಕೈಹಾಕಿದರು. ಬರೆಯುವವರು, ಕಲಿಸುವವರು, ಬೋಧಿಸುವವರು ಎಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನಾವು ನಮಗೆ ಒಗ್ಗಿದ್ದನ್ನು ಕೊಡುತ್ತಿದ್ದೇವೆಯೇ, ಜನರಿಗೆ ಬೇಕಾದುದನ್ನೇ?