ವಕೀಲ ವೃತ್ತಿ, ವಚನ ಕಾಯಕ: ಡಾ. ಫ.ಗು. ಹಳಕಟ್ಟಿಯವರ ಜೀವನ

ಪ್ರತಿವರ್ಷ ಜುಲೈ 2ರಂದು ನಾಡಿನಾದ್ಯಂತ ವಚನ ಸಾಹಿತ್ಯ ಸಂರಕ್ಷಣಾ ದಿನದ ಆಚರಣೆ ನಡೆಯುತ್ತದೆ. ಅಂದು ವೇದಿಕೆಯ ಮೇಲೆ ಪೂಜೆಗೊಳ್ಳುವ ಭಾವಚಿತ್ರದಲ್ಲಿ ಕೋಟು ತೊಟ್ಟು ರುಮಾಲು ಸುತ್ತಿದ ಒಬ್ಬ ವೃದ್ಧರಿರುತ್ತಾರೆ. ವಚನ ಪಿತಾಮಹ, ರಾವ್ ಬಹಾದ್ದೂರ್ ಎಂಬ ಬಿರುದುಗಳೊಂದಿಗೆ ಅವರ ಹೆಸರನ್ನು ಹೇಳುತ್ತೇವೆ. ಈ ಲೇಖನದಲ್ಲಿ ನಾವು ನೆನೆಯಬಯಸುವುದು ಆ ಬಿರುದುಗಳಾವುವೂ ಇಲ್ಲದಿದ್ದ, ಇಪ್ಪತ್ತಮೂರು ಇಪ್ಪತ್ತನಾಲ್ಕರ ವಯಸ್ಸಿನ ಫಕೀರಪ್ಪ ಗುರುಬಸಪ್ಪ ಹಳಕಟ್ಟಿ ಎಂಬ ತರುಣನನ್ನು.

ಇದಕ್ಕೆ ಕಾರಣವಿದೆ. ಶ್ರೀಮಠಕ್ಕೆ ಬರುವ ತರುಣರು ಈಗ ತಮ್ಮ ಪರಿಚಯ ಹೇಳಿಕೊಳ್ಳುವಾಗ ಮೊದಲು ಕಂಪನಿಯ ಹೆಸರನ್ನೂ ಆಮೇಲೆ ಊರಿನ ಹೆಸರನ್ನೂ ಹೇಳುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ದುಡಿದು ಉಣ್ಣುವುದು ನಮ್ಮ ಧರ್ಮವೇ ಆಗಿದೆ. ಆದರೆ ಆ ಕೆಲಸ ಕೈತಪ್ಪಿದಾಗ ಅದೇ ತರುಣರು ಜಾತ್ರೆಗೂ ಬಾರದೆ ಮುಖ ಮರೆಸಿಕೊಳ್ಳುವುದನ್ನು ನಾವು ಕಂಡಿದ್ದೇವೆ. ನೌಕರಿಯೊಂದಿಗೆ ತಾವೂ ಇಲ್ಲವಾದೆವೆಂದು ಅವರಿಗೆ ಅನ್ನಿಸುತ್ತದೆ. ಕೈತುಂಬ ಸಂಬಳವಿರುವ ಇನ್ನು ಕೆಲವರು ಪ್ರಸಾದ ಮುಗಿಸಿ ಕುಳಿತಾಗ, ಇದೆಲ್ಲ ಯಾತಕ್ಕಾಗಿ ಎಂದು ಮೆಲ್ಲಗೆ ಕೇಳುತ್ತಾರೆ. ಇಂಥವರ ಮುಂದೆ ಕಾಯಕವೇ ಕೈಲಾಸವೆಂಬ ಮಾತನ್ನು ಉಚ್ಚರಿಸಿ ಎದ್ದುಹೋಗುವುದು ಸುಲಭ. ನಡುರಾತ್ರಿಯವರೆಗೆ ಕಂಪ್ಯೂಟರಿನ ಮುಂದೆ ಕೂಡಿಸಲು ಆ ಮಾತನ್ನೇ ಬಳಸುವವರೂ ಇದ್ದಾರೆ. ಹಳಕಟ್ಟಿಯವರ ಜೀವನವನ್ನು ವಿವರವಾಗಿ ಹೇಳುವುದು ಅದಕ್ಕಿಂತ ಪ್ರಯೋಜನಕರವೆಂದು ನಾವು ಭಾವಿಸಿದ್ದೇವೆ.

ಅವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಬರವಣಿಗೆಯಲ್ಲಿಯೂ ಹೆಸರಾದವರು. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಮಗು ಅಜ್ಜಿಯ ಆರೈಕೆಯಲ್ಲಿ ಬೆಳೆಯಿತು. ಧಾರವಾಡದಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದ ಹಳಕಟ್ಟಿಯವರು ಅಲ್ಲಿ ವಿಜ್ಞಾನ ವಿಷಯಗಳನ್ನು ಅಭ್ಯಸಿಸಿದರು. ವಚನಗಳ ಸಂಪಾದಕರೆಂದು ನಾವು ಪೂಜಿಸುವ ಈ ಮಹನೀಯರು ಕನ್ನಡ ಪಂಡಿತರಾಗಿ ತರಬೇತಿ ಪಡೆದವರಲ್ಲವೆಂಬುದನ್ನು ತರುಣರು ಗಮನಿಸಬೇಕು. ಮುಂಬಯಿಯಲ್ಲಿ ಮರಾಠಿಗರೂ ಗುಜರಾತಿಗಳೂ ತಮ್ಮ ಭಾಷೆಯನ್ನು ಎಷ್ಟು ಅಭಿಮಾನದಿಂದ ಬೆಳೆಸುತ್ತಿದ್ದಾರೆಂಬುದನ್ನು ಅವರು ಕಣ್ಣಾರೆ ಕಂಡರು. ಆಲೂರ ವೆಂಕಟರಾಯರ ಒಡನಾಟವೂ ಅಲ್ಲಿಯೇ ದೊರೆಯಿತು. ಕನ್ನಡ ಪ್ರದೇಶವು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕಾಲವದು. ತನ್ನದೆಂದು ಎದೆತಟ್ಟಿ ಹೇಳಿಕೊಳ್ಳಲು ಕನ್ನಡಿಗನಿಗೆ ಏನಿದೆಯೆಂಬ ಪ್ರಶ್ನೆ ಅಂದು ಆ ತರುಣರೆಲ್ಲರನ್ನೂ ಕಾಡುತ್ತಿತ್ತು.

1904ರಲ್ಲಿ ಹಳಕಟ್ಟಿಯವರು ಕಾನೂನು ಪದವಿ ಪಡೆದರು. ಬೆಳಗಾವಿಯಲ್ಲಿ ವಕೀಲಿ ಆರಂಭಿಸಿ, ಸ್ವಲ್ಪ ಕಾಲದಲ್ಲಿಯೇ ವಿಜಯಪುರಕ್ಕೆ ಬಂದು ನೆಲೆಸಿದರು. ಅಂದಿನ ವಕೀಲ ವೃತ್ತಿಯೆಂದರೆ ಹಣ, ಗೌರವ, ಅಧಿಕಾರಿಗಳ ಸಖ್ಯ ಎಲ್ಲವೂ ಒಟ್ಟಿಗೆ ಬರುವ ದಾರಿ. ಹಳಕಟ್ಟಿಯವರು ಅದರಲ್ಲಿ ಯಶಸ್ಸನ್ನೂ ಕಂಡರು, ಸರ್ಕಾರಿ ವಕೀಲರೂ ಆದರು. ಸೋತು ಬೇರೆ ದಾರಿ ಹಿಡಿದವರ ಕಥೆ ಇದಲ್ಲ.

ವೃತ್ತಿಯ ಹೊಸ್ತಿಲಲ್ಲಿದ್ದಾಗಲೇ, 1903ರ ಸುಮಾರಿಗೆ, ಅವರು ರಬಕವಿಗೆ ಹೋಗಿದ್ದರು. ಅಲ್ಲಿ ಶಿವಲಿಂಗಪ್ಪ ಮಂಚಾಲೆಯವರ ಮನೆಯಲ್ಲಿ ಅವರು ಎರಡು ತಾಡೋಲೆ ಗ್ರಂಥಗಳನ್ನು ಕಂಡರು. ಒಂದು ಪ್ರಭುದೇವರ ವಚನ, ಇನ್ನೊಂದು ಷಟ್‌ಸ್ಥಲ ತಿಲಕ. ಮುಂಬಯಿಯಲ್ಲಿ ಎದ್ದ ಪ್ರಶ್ನೆಗೆ ಉತ್ತರವು ಒಬ್ಬ ಗೃಹಸ್ಥರ ಮನೆಯಲ್ಲಿ, ದಾರದಿಂದ ಕಟ್ಟಿದ ಓಲೆಗಳಲ್ಲಿ ಇತ್ತು. ಅಂದಿನಿಂದ ಅವರು ಊರೂರು ತಿರುಗಿ ಕಟ್ಟುಗಳನ್ನು ಹುಡುಕತೊಡಗಿದರು. ಕೋರ್ಟಿನ ರಜೆಯ ದಿನಗಳು ಹಳ್ಳಿಗಳ ಮಠಗಳಲ್ಲಿಯೂ ಭಕ್ತರ ಮನೆಗಳ ಜಗಲಿಗಳಲ್ಲಿಯೂ ಕಳೆದವು.

ಆ ಕೆಲಸದ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ನಮ್ಮ ಮನೆತನಗಳಲ್ಲಿ ಓಲೆಗಟ್ಟುಗಳನ್ನು ದೇವರ ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿ ಪೂಜಿಸುತ್ತಿದ್ದರೇ ಹೊರತು ಬಿಚ್ಚಿ ಓದುವವರು ವಿರಳರಾಗಿದ್ದರು. ಅಪರಿಚಿತ ವಕೀಲನೊಬ್ಬ ಬಂದು ಕೇಳಿದರೆ ಕೊಡಲು ಹಿಂಜರಿಯುವುದು ಸಹಜ. ಕೊಟ್ಟರೂ, ಹುಳು ತಿಂದ ಅಂಚುಗಳು, ಮುರಿದ ಗರಿಗಳು, ಹಳೆಯ ಅಕ್ಷರಗಳು. ಪದ ಪದಗಳ ನಡುವೆ ಬಿಡುವಿಲ್ಲ. ಒಂದು ವಚನ ಎಲ್ಲಿ ಮುಗಿದು ಮತ್ತೊಂದು ಎಲ್ಲಿ ಆರಂಭವಾಯಿತೆಂಬುದನ್ನು ಅಂಕಿತದಿಂದಲೇ ಊಹಿಸಬೇಕು. ಒಂದೇ ವಚನ ಹತ್ತು ಕಟ್ಟುಗಳಲ್ಲಿ ಹತ್ತು ರೀತಿಯಾಗಿದ್ದರೆ ಅವುಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿ ಪಾಠವನ್ನು ನಿರ್ಣಯಿಸಬೇಕು. ಹಗಲು ಕಕ್ಷಿಗಾರರ ಕಾಗದಪತ್ರಗಳನ್ನು ಓದಿದ ಕಣ್ಣುಗಳೇ ರಾತ್ರಿ ದೀಪದ ಬೆಳಕಿನಲ್ಲಿ ಓಲೆಗಳನ್ನು ಓದಿದವು. ಸಾಕ್ಷ್ಯವನ್ನು ಅಳೆದು ತೂಗುವ ವಕೀಲನ ಶಿಸ್ತು ಈ ಕೆಲಸಕ್ಕೆ ಒದಗಿತೆಂದು ನಾವು ನಂಬಿದ್ದೇವೆ. 1920ರ ಹೊತ್ತಿಗೆ ಅವರ ಮನೆಯಲ್ಲಿ ಸುಮಾರು ಸಾವಿರ ತಾಡೋಲೆ ಗ್ರಂಥಗಳು ಸೇರಿದ್ದವು.

ಇದರ ನಡುವೆಯೇ ಅವರು ಊರಿನ ಕೆಲಸಗಳಿಗೂ ಹೆಗಲು ಕೊಟ್ಟರು. 1910ರಲ್ಲಿ ಬಿಜಾಪುರ ಲಿಂಗಾಯತ ಜಿಲ್ಲಾ ವಿದ್ಯಾವರ್ಧಕ ಸಂಸ್ಥೆಯ ಸ್ಥಾಪನೆ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು. ಬಳಿಕ ಮುಂಬಯಿ ವಿಧಾನ ಪರಿಷತ್ತಿನ ಸದಸ್ಯತ್ವವೂ ದೊರೆಯಿತು. ಬರಗಾಲದ ಜಿಲ್ಲೆಯಲ್ಲಿ ರೈತನಿಗೆ ಸಾಲ, ಹುಡುಗರಿಗೆ ಶಾಲೆ ಇವೆರಡೂ ಇಲ್ಲದೆ ವಚನಗಳನ್ನು ಓದುವವರು ಎಲ್ಲಿಂದ ಬಂದಾರು? ಈ ಸಂಸ್ಥೆಗಳು ಇಂದಿಗೂ ಬಾಳುತ್ತಿವೆ.

ವಚನಶಾಸ್ತ್ರಸಾರದ ಮೊದಲ ಭಾಗ ಸಿದ್ಧವಾದಾಗ ಅದನ್ನು ಮುದ್ರಿಸುವವರು ಬೇಕಾಯಿತು. ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳುಹಿಸಿದರು. ಅವರು ಅದನ್ನು ಮುದ್ರಿಸದೆ ಹಿಂದಿರುಗಿಸಿದರು. ಕ್ರೈಸ್ತ ಧರ್ಮದ ಬೋಧನೆಗಳಿಗೆ ಸರಿಸಮನಾದ ವಿಚಾರಗಳು ಇದರಲ್ಲಿವೆಯೆಂಬುದೇ ಅವರ ಸಂಕೋಚಕ್ಕೆ ಕಾರಣವಾಗಿತ್ತೆಂಬ ವೃತ್ತಾಂತವನ್ನು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಕೊನೆಗೆ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ 1923ರಲ್ಲಿ ಗ್ರಂಥ ಅಚ್ಚಾಯಿತು. ವಚನಗಳನ್ನು ವಿಷಯಾನುಸಾರ ವಿಂಗಡಿಸಿದ ಆ ಗ್ರಂಥದಿಂದ, ನಮ್ಮ ಶರಣರು ಏನು ಹೇಳಿದರೆಂಬುದು ಮಠದ ಹೊರಗಿನ ಓದುಗನ ಕೈಗೂ ಸಿಕ್ಕಿತು.

ಓಲೆಗಟ್ಟು ಕಣ್ಣಿಗೆ ಬಿದ್ದಾಗ ಅವರಿಗೆ 23 ವರ್ಷ, ಪುಸ್ತಕ ಬಂದಾಗ 43. ನಡುವಿನ ಇಪ್ಪತ್ತು ವರ್ಷ ಅವರಲ್ಲಿ ತೋರಿಸಿಕೊಳ್ಳಲು ಹೆಚ್ಚೇನೂ ಇರಲಿಲ್ಲ. ಲೋಕದ ಕಣ್ಣಿಗೆ ಅವರು ವಕೀಲರು, ಅಷ್ಟೇ. ಮೂವತ್ತು ತುಂಬುವುದರೊಳಗೆ ಬದುಕಿನ ಅರ್ಥ ಕೈಗೆ ಸಿಗಲಿಲ್ಲವೆಂದು ಕಂಗೆಡುವ ತರುಣರು ಈ ಇಪ್ಪತ್ತು ವರ್ಷಗಳನ್ನು ಕುರಿತು ಯೋಚಿಸಲಿ. ಅಷ್ಟೂ ಕಾಲ ವಕೀಲಿಯೇ ಓಲೆಗಟ್ಟುಗಳ ಪ್ರವಾಸಕ್ಕೆ ಖರ್ಚು ಒದಗಿಸಿತು. ವೃತ್ತಿಯನ್ನು ಹೀನವೆಂದು ಅವರು ತೊರೆಯಲಿಲ್ಲ. ವಚನದ ಕೆಲಸ ಬೆಳೆದಂತೆ ವಕೀಲಿಗೆ ಸಮಯ ಕಡಿಮೆಯಾಯಿತು, ವರಮಾನವೂ ಅದರೊಂದಿಗೆ ಇಳಿಯಿತು.

ಅನ್ಯರ ಮುದ್ರಣಾಲಯಗಳನ್ನು ನಂಬಿದರೆ ಕೆಲಸ ಸಾಗದೆಂದು ಕಂಡುಕೊಂಡ ಅವರು 1925ರಲ್ಲಿ ತಮ್ಮ ಸ್ವಂತ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಅಲ್ಲಿಂದ ಮುಂದೆ ಬಾಡಿಗೆ ಮನೆಯ ವಾಸ. 1926ರಲ್ಲಿ ಶಿವಾನುಭವ ಪತ್ರಿಕೆ, 1927ರಲ್ಲಿ ನವ ಕರ್ನಾಟಕ ವಾರಪತ್ರಿಕೆ ಹೊರಬಂದವು. 1926ರಲ್ಲಿಯೇ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯ ಗೌರವವೂ ಬಂದಿತು. ಶೂನ್ಯಸಂಪಾದನೆಯೂ ಹರಿಹರನ ರಗಳೆಗಳೂ ಅವರ ಸಂಪಾದನೆಯಲ್ಲಿ ಬೆಳಕು ಕಂಡವು. ಅವರು ಕೆಲಸ ಆರಂಭಿಸಿದಾಗ ಹೆಸರು ತಿಳಿದಿದ್ದ ವಚನಕಾರರು ಐವತ್ತರಷ್ಟು. ಅವರ ಶೋಧನೆಯಿಂದ ಆ ಸಂಖ್ಯೆ 250ನ್ನು ಮುಟ್ಟಿತು. ಅಂಬಿಗ, ಮಡಿವಾಳ, ಹಗ್ಗ ಹೊಸೆಯುವವ, ಕಟ್ಟಿಗೆ ಮಾರುವವ, ಹೀಗೆ ದುಡಿಮೆಯನ್ನೇ ಹೆಸರಿನೊಂದಿಗೆ ಹೊತ್ತ ಶರಣರು ಆ ಸಾಲಿನಲ್ಲಿದ್ದಾರೆ. ಆ ಶರಣರಿಗೆ ದುಡಿಮೆಯ ಹೆಸರು ಅಂಟಿಕೊಂಡಿದೆ. ಹಳಕಟ್ಟಿಯವರನ್ನು ಮಾತ್ರ ಇಂದು ಯಾರೂ ವಕೀಲರೆಂದು ನೆನೆಯುವುದಿಲ್ಲ.

ಇಲ್ಲಿ ಒಂದು ಕಹಿ ಮಾತನ್ನು ಹೇಳದೆ ಇರಲಾರೆವು. ಅವರ ಹರಿದ ಕೋಟನ್ನೂ ಅದರ ತೇಪೆಯನ್ನೂ ಉಪನ್ಯಾಸಗಳಲ್ಲಿ ವರ್ಣಿಸಿ ಚಪ್ಪಾಳೆ ಪಡೆಯುವುದು ನಮ್ಮಲ್ಲಿ ರೂಢಿಯಾಗಿದೆ. ಆ ಬಡತನ ಅವರು ಬೇಡಿ ತಂದದ್ದಲ್ಲ. ಸಮಾಜದಲ್ಲಿ ಅನುಕೂಲವಂತರು ಅಂದೂ ಇದ್ದರು, ಶಿವಾನುಭವಕ್ಕೆ ಚಂದಾದಾರರು ಮಾತ್ರ ಅಲ್ಪ. ಪತ್ರಿಕೆಯ ನಷ್ಟ, ಕಾಗದದ ಬೆಲೆ, ಅಚ್ಚಿನ ಮೊಳೆಗಳ ಖರ್ಚು ಇವೆಲ್ಲ ಒಂದು ಸಂಸಾರದ ಊಟದಿಂದ ಭರಿಸಲ್ಪಟ್ಟವು. ಮನೆಯಾಕೆ ಭಾಗೀರಥಿಯವರ ಪಾಲು ಇದರಲ್ಲಿ ಎಷ್ಟೆಂಬುದನ್ನು ಯಾವ ಅಭಿನಂದನ ಗ್ರಂಥವೂ ತೂಗಲಾರದು. ಸಾರ್ಥಕತೆಯನ್ನು ಹುಡುಕಿ ಹೊರಡುವ ಮಗನಿಗೆ ಮನೆಯವರೂ ಸಮಾಜವೂ ಬೆನ್ನಿಗಿರದಿದ್ದರೆ ಅವನು ತೆರಬೇಕಾದ ಬೆಲೆ ಇಷ್ಟಾಗುತ್ತದೆ.

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಆಗ ಅವರಿಗೆ ಎಪ್ಪತ್ತಾರು. 1964ರ ಜೂನ್ 29ರಂದು, 84 ತುಂಬಲು ಮೂರು ದಿನವಿರುವಾಗ, ಅವರು ವಿಜಯಪುರದಲ್ಲಿ ಲಿಂಗೈಕ್ಯರಾದರು. ಅವರು ತೆರೆದ ದಾರಿಯಲ್ಲಿ ನಡೆದ ವಿದ್ವಾಂಸರ ಶ್ರಮದಿಂದ 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು.

ಭಕ್ತ ಬಾಂಧವರಲ್ಲಿ ಒಂದು ವಿನಂತಿ. ತಮ್ಮ ಮನೆಯ ದೇವರ ಜಗಲಿಯಲ್ಲಿಯೋ ಅಟ್ಟದ ಮೇಲೆಯೋ ಓಲೆಗಟ್ಟುಗಳು ಈಗಲೂ ಇದ್ದರೆ ದಯವಿಟ್ಟು ಎಣ್ಣೆ ದೀಪದಿಂದಲೂ ನೀರಿನ ಪಸೆಯಿಂದಲೂ ದೂರವಿಡಿ, ಶ್ರೀಮಠಕ್ಕೆ ತಿಳಿಸಿ. ಕಟ್ಟು ತಮ್ಮ ಮನೆಯಲ್ಲಿಯೇ ಇರಲಿ. ಅದನ್ನು ಓದಬಲ್ಲವರನ್ನು ನಾವು ಅಲ್ಲಿಗೇ ಕರೆತರುತ್ತೇವೆ. ಅವರೊಂದಿಗೆ ಕುಳಿತು ನಕಲು ಮಾಡಲು ಒಬ್ಬಿಬ್ಬರು ತರುಣರು ಮುಂದೆ ಬಂದರೆ ಸಂತೋಷ, ಭಾನುವಾರಗಳಂದು ಬಂದರೂ ಸಾಕು.