ಸರ್ ಪೆರೆಗ್ರಿನ್ ಮೇಟ್ಲೆಂಡ್ ಸಾಹೇಬರ ಚರಿತ್ರೆ

ತುಂಗಭದ್ರೆಯ ದಡದ ಹರಿಹರದ ಬಳಿಯಲ್ಲಿ ಪೂರ್ವಕಾಲದಲ್ಲಿ ಒಂದು ದಂಡು ಇತ್ತೆಂಬದನ್ನು ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಸೀಮೆಯ ಸಭೆಗಳಲ್ಲಿ ಕೆಲವರಾದರೂ ಕೇಳಿರಬಹುದು. 1865ನೆಯ ಇಸವಿಯ ವರೆಗೆ ಮದರಾಸು ಸೈನ್ಯದ ಸಿಪಾಯಿಗಳು ಅಲ್ಲಿ ಇಳುಕೊಂಡಿದ್ದರು. ಆ ಸೈನ್ಯಕ್ಕೆಲ್ಲಾ ಒಂದು ಕಾಲದಲ್ಲಿ ಅಧಿಪತಿಯಾಗಿದ್ದು, ಮನಸ್ಸಾಕ್ಷಿಯ ನಿಮಿತ್ತ ಆ ದೊಡ್ಡ ಹುದ್ದೆಯನ್ನು ಬಿಟ್ಟುಹೋದವರ ಸಂಗತಿಯನ್ನು ಈ ಸಾರಿ ಬರೆಯುತ್ತೇವೆ.

ಮೇಟ್ಲೆಂಡ್ ಸಾಹೇಬರು 1777ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಹದಿನೈದು ವರುಷದ ಹುಡುಗನಾಗಿರುವಾಗಲೇ ಸೈನ್ಯವನ್ನು ಸೇರಿದರು. 1815ರ ಜೂನ್ 18ರಂದು ವಾಟರ್ಲೂ ಎಂಬಲ್ಲಿ ನೆಪೋಲಿಯನ್ ಚಕ್ರವರ್ತಿಯು ಸೋತುಹೋದ ಯುದ್ಧದಲ್ಲಿ ಅವರು ಅರಸನ ಕಾವಲು ದಂಡಿನ ಒಂದು ಭಾಗವನ್ನು ನಡಿಸಿ ಹೆಸರುವಾಸಿಯಾದರು. ಅದೇ ವರುಷ ರಿಚ್ಮಂಡ್ ಪ್ರಭುವಿನ ಮಗಳನ್ನು ಮದುವೆಯಾದರು. 1818ರಲ್ಲಿ ಮಾವನವರು ಕೆನಡಾ ದೇಶಕ್ಕೆ ಹಿರಿಯ ಗವರ್ನರಾಗಿ ಹೋದಾಗ ಅಳಿಯನಿಗೆ ಮೇಲಣ ಕೆನಡಾ ಸೀಮೆಯ ಆಡಳಿತವು ದೊರೆಯಿತು.

ಈ ಮಹನೀಯರನ್ನು ಹೊಗಳುವವರು ಕೆನಡಾದ ಹತ್ತು ವರುಷಗಳನ್ನು ಬೇಗನೆ ದಾಟಿಬಿಡುವದುಂಟು. ನಾವು ಹಾಗೆ ಮಾಡಲಾರೆವು. ಆ ಸೀಮೆಯಲ್ಲಿ 1791ರ ಕಾಯಿದೆಯ ಮೇರೆಗೆ, ಸರಕಾರವು ಹಂಚಿಕೊಡುವ ಭೂಮಿಗೆ ಏಳರಲ್ಲೊಂದು ಪಾಲಿನ ಲೆಕ್ಕದಲ್ಲಿ ಪ್ರೊಟೆಸ್ಟಂಟ್ ಬೋಧಕರ ಪೋಷಣೆಗೆಂದು ಭೂಮಿಯನ್ನು ಮೀಸಲಾಗಿಡುತ್ತಿದ್ದರು. ಇಂಗ್ಲೆಂಡಿನ ರಾಜಸಭೆಯವರು ಅದೆಲ್ಲಾ ತಮಗೇ ಸಲ್ಲಬೇಕೆಂದು ಹಟಹಿಡಿದರು. ಮೇಟ್ಲೆಂಡರು ಅವರ ಪಕ್ಷವನ್ನೇ ಹಿಡಿದರು. ಕಾಡುಗಳೊಳಗೆ ಕುದುರೆಯೇರಿ ಹಳ್ಳಿಹಳ್ಳಿಗೆ ಸುವಾರ್ತೆಯನ್ನು ಒಯ್ದ ಮೆಥಡಿಸ್ಟ್ ಬೋಧಕರಿಗೆ ತಮ್ಮ ಸಭೆಯವರ ಮದುವೆಯನ್ನು ಮಾಡಿಸುವ ಅಧಿಕಾರವು ಕೂಡ 1831ರ ವರೆಗೆ ಸಿಕ್ಕಲಿಲ್ಲ. ಕ್ರೈಸ್ತರೇ ಕ್ರೈಸ್ತರನ್ನು ಸರಕಾರದ ಬಲದಿಂದ ಕೆಳಗಿಟ್ಟ ಸಂಗತಿ ಇದು. ಸಾಹೇಬರು ಅದರಲ್ಲಿ ತಪ್ಪನ್ನು ಕಂಡಂತೆ ತೋರುವದಿಲ್ಲ.

1836ರಲ್ಲಿ ಅವರು ಮದರಾಸಿಗೆ ಸೇನಾಧಿಪತಿಯಾಗಿ ಬಂದರು. ಆಗ ಈ ದೇಶದಲ್ಲಿ ಏನು ನಡೆಯುತ್ತಿತ್ತೆಂದು ತಿಳಿಯಬೇಕು. 1817ರ ಕಾನೂನಿನ ಪ್ರಕಾರ ಮದರಾಸು ಸೀಮೆಯ ದೇವಸ್ಥಾನಗಳ ಭೂಮಿಕಾಣಿಗಳ ಮೇಲ್ವಿಚಾರಣೆ ಕುಂಪಣಿ ಸರಕಾರದ ಕೈಯಲ್ಲಿತ್ತು. ಕಲೆಕ್ಟರರ ಕಚೇರಿಯಲ್ಲಿ ಉತ್ಸವದ ಖರ್ಚಿನ ಲೆಕ್ಕ ಬರೆಯುವರು. ರಥವನ್ನೆಳೆಯಲು ರೈತರನ್ನು ಅಧಿಕಾರಿಗಳು ಬಲವಂತದಿಂದ ಕರತರಿಸುವರು. ಹಬ್ಬಗಳಲ್ಲಿ ಸೈನ್ಯದವರು ತೋಪು ಹಾರಿಸಿ ವಾದ್ಯ ಬಾರಿಸಿ ಮರ್ಯಾದೆ ಮಾಡಬೇಕು. ಸಿಪಾಯಿಯು ಕ್ರೈಸ್ತನಾಗಿದ್ದರೂ ಸರಿಯೇ, ಅಪ್ಪಣೆಯಾದರೆ ನಿಲ್ಲಬೇಕು. ಈ ಸಂಬಂಧವನ್ನು ಬಿಡಬೇಕೆಂದು ಲಂಡನಿನ ಡೈರೆಕ್ಟರರು 1833ರಲ್ಲೇ ಬರೆದಿದ್ದರೂ ಆ ಕಾಗದವು ಇಲ್ಲಿ ನಡೆಗೆ ಬರಲಿಲ್ಲ.

ಹಾಗಿರುವಾಗ 1836ರಲ್ಲಿ ಬೋಧಕರೂ ಮಿಷನರಿಗಳೂ ಕೆಲವು ಮಂದಿ ಸರಕಾರದ ನೌಕರರೂ, ಹೆಚ್ಚುಕಡಿಮೆ ಇನ್ನೂರು ಜನರು, ಸಹಿ ಹಾಕಿದ ಒಂದು ಅರಿಕೆಯನ್ನು ಮದರಾಸಿನ ಬಿಷಪ್ ಕೊರೀ ಅವರ ಮೂಲಕ ಸರಕಾರಕ್ಕೆ ಒಪ್ಪಿಸಿದರು. ಹಿಂದುಗಳ ಪೂಜೆಯನ್ನು ನಿಲ್ಲಿಸಬೇಕೆಂದು ಅವರು ಬೇಡಲಿಲ್ಲ. ಇದನ್ನು ನಮ್ಮ ಜನರು ಚೆನ್ನಾಗಿ ಗಮನಿಸಲಿ. ಕ್ರೈಸ್ತ ನೌಕರರನ್ನು ಅದರೊಳಗೆ ಬಲವಂತಪಡಿಸಬಾರದು, ಅವರವರ ದೇವಸ್ಥಾನ ಮಸೀದಿಗಳನ್ನು ಅವರವರಿಗೇ ಬಿಡಬೇಕು ಎಂಬಷ್ಟೇ ಬೇಡಿಕೆ. ಸರಕಾರವು ಅರಿಕೆಯನ್ನು ತಳ್ಳಿ, ಮುದುಕರಾದ ಬಿಷಪರಿಗೆ ಗದರಿಕೆಯ ಉತ್ತರವನ್ನು ಕಳುಹಿಸಿತು. ಅವರು 1837ರ ಫೆಬ್ರುವರಿಯಲ್ಲಿ ತೀರಿಕೊಂಡರು.

ಮೇಟ್ಲೆಂಡರು ಈಗ ಇಕ್ಕಟ್ಟಿನಲ್ಲಿ ಸಿಕ್ಕಿದರು. ಸಿಪಾಯಿಗಳನ್ನು ವಿಗ್ರಹದ ಮುಂದೆ ನಿಲ್ಲಿಸುವ ಅಪ್ಪಣೆಗಳು ಅವರ ಹೆಸರಿನಲ್ಲೇ ನಡೆಯಬೇಕು. ಅರವತ್ತು ದಾಟಿದ ಪ್ರಾಯ, ಒಳ್ಳೇ ಸಂಬಳ, ಜೀವಮಾನವೆಲ್ಲಾ ವಿಧೇಯತೆಯನ್ನು ಕಲಿತು ಕಲಿಸಿದ ದಂಡಾಳು. ಆದರೂ 1838ರಲ್ಲಿ ರಾಜೀನಾಮೆ ಕೊಟ್ಟು ಹಡಗು ಹತ್ತಿದರು. ಇನ್ನೂರು ಸಹಿಗಳಿಂದ ಆಗದಿದ್ದದ್ದು ಇದರಿಂದಾಯಿತು: ಪಾರ್ಲಿಮೆಂಟಿನಲ್ಲಿ ಗದ್ದಲವೆದ್ದು, ಬಲವಂತದ ಹಾಜರಿಯನ್ನು ನಿಲ್ಲಿಸಬೇಕೆಂದು ಡೈರೆಕ್ಟರರು ಅದೇ ವರುಷ ಖಂಡಿತವಾಗಿ ಬರೆದರು. ದೇವಸ್ಥಾನಗಳನ್ನು ಆಯಾ ಮತಸ್ಥರ ಧರ್ಮದರ್ಶಿಗಳಿಗೆ ಒಪ್ಪಿಸುವ ಕಾನೂನು 1863ರಲ್ಲಿ ಹೊರಟಿತು.

ನಮ್ಮ ಮೈಸೂರು ಸೀಮೆಯು ಬೇರೆ ದಾರಿ ಹಿಡಿಯಿತು. ಇಲ್ಲಿ ಮುಜರಾಯಿ ಇಲಾಖೆಯು ಉಳಿಯಿತು; 1927ರಲ್ಲಿ ಅದಕ್ಕೊಂದು ಕಾಯಿದೆಯಾಯಿತು; ಇಂದಿಗೂ ತಾಲೂಕು ಕಚೇರಿಯಲ್ಲಿ ಅದರ ಕೆಲಸ ನಡೆಯುತ್ತದೆ. ಆದರೆ ಒಂದು ಮತದ ಪೋಷಣೆಗೆಂದೇ ಯಾರಿಂದಲೂ ತೆರಿಗೆಯನ್ನು ವಸೂಲು ಮಾಡಕೂಡದೆಂದು 1950ರ ಸಂವಿಧಾನದ 27ನೆಯ ವಿಧಿಯು ಹೇಳುತ್ತದೆ. ಊರ ಜಾತ್ರೆಯ ವಂತಿಗೆಯನ್ನು ನೆರೆಯವನು ಕೇಳಿದರೆ ಅದು ನೆರೆಹೊರೆಯ ಮಾತು, ಪ್ರೀತಿಯಿಂದ ಉತ್ತರ ಕೊಡಬಹುದು; ಸರಕಾರದ ಮೊಹರಿನೊಡನೆ ಕೇಳಿದರೆ ಬೇರೆ ಮಾತು. ನಮ್ಮ ದೇವಾಲಯಕ್ಕೆ ಸರಕಾರದ ಹಣ ಕೊಡಿಸಿರೆಂದು ಓಡಾಡುವವರೂ ಕೆನಡಾದ ಸಂಗತಿಯನ್ನು ಒಂದು ಸಾರಿ ಓದಿಕೊಳ್ಳಲಿ.

ಆ ಮೇಲೆ ಸಾಹೇಬರು 1844ರಿಂದ 1847ರ ವರೆಗೆ ಆಫ್ರಿಕದ ಕೇಪ್ ಸೀಮೆಗೆ ಗವರ್ನರಾಗಿದ್ದರು. 1854ರ ಮೇ 30ರಂದು ಲಂಡನಿನಲ್ಲಿ ತೀರಿಕೊಂಡರು. ಅದೇ ವರುಷ ಕೆನಡಾದ ಶಾಸನಸಭೆಯವರು ಬೋಧಕರಿಗೆ ಮೀಸಲಾಗಿದ್ದ ಆ ಭೂಮಿಗಳನ್ನು ಸಭೆಗಳ ಕೈಯಿಂದ ತೆಗೆದು ಸಾರ್ವಜನಿಕರ ಉಪಯೋಗಕ್ಕೆ ಬಿಟ್ಟರು.