ವರಾಪುಳದ ತಾಯಿ ಏಲೀಶ್ವಾ

ಏಲೂರಿಗೆ ಬಂದು ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ಪೆರಿಯಾರ್ ನದಿ ನಿತ್ಯದ ನೋಟ. ಕಾರ್ಖಾನೆಯ ಪಾಳಿ ಮುಗಿಸಿ ಬರುವವರೂ, ಮಕ್ಕಳನ್ನು ಶಾಲೆಗೆ ಬಿಟ್ಟು ಮರಳುವ ತಾಯಂದಿರೂ ಈ ಹೊಳೆಯನ್ನು ಕಾಣದೆ ದಿನ ಕಳೆಯುವುದು ಅಪರೂಪ. ಹೊಳೆಯ ಆಚೆಗೆ ವರಾಪುಳವೆಂಬ ಊರಿದೆ. ಇಡಪಳ್ಳಿಯಿಂದ ಹೊರಟು ಮಂಗಳೂರು, ಉಡುಪಿಗಳ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ ೬೬ ಹಾಯುವ ಮೊದಮೊದಲ ಊರುಗಳಲ್ಲಿ ವರಾಪುಳವೂ ಒಂದು, ಅದರ ಮುಂದಿನ ಕೂನಮ್ಮಾವು ಇನ್ನೊಂದು. ರಜೆಯಲ್ಲಿ ತವರಿಗೆ ಹೊರಡುವ ನಮ್ಮಲ್ಲಿ ಬಹುಮಂದಿ ಈ ಎರಡು ಊರುಗಳನ್ನು ಬಸ್ಸಿನ ನಿದ್ದೆಯಲ್ಲಿಯೇ ದಾಟಿಬಿಡುತ್ತೇವೆ. ನಾನೂ ಕೆಲವು ವರ್ಷ ಹಾಗೆಯೇ ದಾಟಿದವನು.

ನಾನೊಬ್ಬ ಬ್ಯಾಂಕಿನ ಗುಮಾಸ್ತ, ಬಿ.ಕಾಂ. ಓದಿ ಲೆಕ್ಕಪತ್ರಗಳ ನಡುವೆ ಬದುಕುವವನು. ಚರಿತ್ರೆ ನನ್ನ ವಿಷಯವಲ್ಲ, ಧರ್ಮಶಾಸ್ತ್ರವಂತೂ ಅಲ್ಲವೇ ಅಲ್ಲ. ಒಂದು ದಿನ ಪಾಸ್‌ಬುಕ್ಕು ತುಂಬಿಸಿಕೊಳ್ಳಲು ಬಂದ ವೃದ್ಧೆಯೊಬ್ಬರು ನನ್ನ ಹರುಕುಮುರುಕು ಮಲಯಾಳವನ್ನು ಕೇಳಿ ನಕ್ಕು, ನನ್ನ ಊರು ಯಾವುದೆಂದು ವಿಚಾರಿಸಿದರು. ಬಳಿಕ, ಇಷ್ಟು ಹತ್ತಿರವಿದ್ದೂ ವರಾಪುಳದ ಅಮ್ಮನ ಸಮಾಧಿಯನ್ನು ನೋಡಿಲ್ಲವೇ ಎಂದು ಆಕ್ಷೇಪಿಸಿದರು. ಆ ಮಾತಿಗೆ ನಾಚಿ ಒಂದು ಭಾನುವಾರ ಹೋಗಿಬಂದೆ. ಅಲ್ಲಿಂದೀಚೆಗೆ ಕೇಳಿ, ಓದಿ ತಿಳಿದುಕೊಂಡುದನ್ನು ಈ ಸಂಚಿಕೆಯ ಮೂಲಕ ನಮ್ಮವರಿಗೆ ಒಪ್ಪಿಸುತ್ತಿದ್ದೇನೆ.

ಏಲೀಶ್ವಾ ಹುಟ್ಟಿದುದು ೧೮೩೧ನೆಯ ಇಸವಿಯ ಅಕ್ಟೋಬರ್ ೧೫ರಂದು, ವೈಪೀನ್ ದ್ವೀಪದ ಓಚ್ಚಂತುರುತ್ತು ಎಂಬಲ್ಲಿ. ತಂದೆ ವೈಪ್ಪಿಶ್ಶೇರಿ ಮನೆತನದ ತೊಮ್ಮನ್, ತಾಯಿ ತಾಂಡಾ. ಎಂಟು ಮಕ್ಕಳಲ್ಲಿ ಈಕೆಯೇ ಹಿರಿಯಳು. ಅಂದಿನ ರೂಢಿಯಂತೆ ಹುಡುಗಿಗೆ ಬೇಗನೆ ಮದುವೆಯಾಯಿತು. ೧೮೪೭ರಲ್ಲಿ, ಹದಿನಾರರ ಹೊತ್ತಿಗೆ, ಕೂನಮ್ಮಾವಿನ ವಾಕಯಿಲ್ ಮನೆಯ ವರೀದ್ ಎಂಬವರ ಕೈಹಿಡಿದು ಆ ಮನೆಯನ್ನು ತುಂಬಿದಳು. ೧೮೫೦ರಲ್ಲಿ ಅನ್ನಾ ಎಂಬ ಹೆಣ್ಣುಮಗು ಹುಟ್ಟಿತು. ಮರುವರ್ಷವೇ ಗಂಡ ತೀರಿಕೊಂಡರು.

ಇಪ್ಪತ್ತರ ಆಸುಪಾಸಿನ ವಿಧವೆ, ಮಡಿಲಲ್ಲಿ ವರ್ಷದ ಕೂಸು. ಅವರ ಸಮಾಜದಲ್ಲಿ ವಿಧವೆಯ ಮರುಮದುವೆಗೆ ಅಡ್ಡಿಯೇನೂ ಇರಲಿಲ್ಲ; ಬಂಧುಗಳು ಅದನ್ನೇ ಬಯಸಿದರು. ನಿರಾಧಾರಳಾದ ಹೆಣ್ಣಿಗೆ ಇನ್ನೊಂದು ಮನೆ ದೊರೆಯುವುದೇ ಕ್ಷೇಮವೆಂದು ಅವರು ಬಗೆದರೆ ಅದರಲ್ಲಿ ಆಶ್ಚರ್ಯವಿಲ್ಲ. ಆ ಕಾಲದಲ್ಲಿ ಹೆಣ್ಣಿಗೆ ಆಸ್ತಿಯ ಆಸರೆ ಎಷ್ಟಿತ್ತೆಂಬುದನ್ನು ಅನಂತರದ ಒಂದು ಕಾನೂನಿನಿಂದ ಊಹಿಸಬಹುದು. ತಿರುವಾಂಕೂರಿನ ೧೯೧೬ರ ಕ್ರೈಸ್ತ ಉತ್ತರಾಧಿಕಾರ ಕಾನೂನಿನ ಪ್ರಕಾರ ಉಯಿಲಿಲ್ಲದ ತಂದೆಯ ಆಸ್ತಿಯಲ್ಲಿ ಮಗಳಿಗೆ ಸಲ್ಲುತ್ತಿದ್ದುದು ಮಗನ ಪಾಲಿನ ಕಾಲುಭಾಗ ಅಥವಾ ೫,೦೦೦ ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಮೇರಿ ರಾಯ್ ಎಂಬ ಮಹಿಳೆ ಹೂಡಿದ ಮೊಕದ್ದಮೆಯಲ್ಲಿ ೧೯೮೬ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಮೇಲೆಯೇ ಈ ತಾರತಮ್ಯ ತೊಲಗಿತು. ಅದಕ್ಕಿಂತ ಒಂದು ಶತಮಾನಕ್ಕೂ ಹಿಂದೆ ಒಬ್ಬ ಎಳೆಯ ವಿಧವೆ ಮರುಮದುವೆ ಬೇಡವೆಂದು ನಿಂತದ್ದು ಸಣ್ಣ ಧೈರ್ಯವಲ್ಲ.

ಆಕೆ ಹಟದಿಂದ ನಿಂತವರಲ್ಲ, ಮೌನದಿಂದ ನಿಂತವರು. ಮಗಳನ್ನು ಸಾಕುವುದು, ಮನೆಗೆಲಸ, ಬಡವರಿಗೆ ಕೈಲಾದ ಸಹಾಯ, ಉಳಿದ ಹೊತ್ತೆಲ್ಲ ಏಕಾಂತ ಪ್ರಾರ್ಥನೆ: ಹೀಗೆ ಸುಮಾರು ಹತ್ತು ವರ್ಷ ಕಳೆದುವು. ತಂಗಿ ತ್ರೇಸ್ಯಾ ಕೂಡ ಅಕ್ಕನ ದಾರಿಯನ್ನೇ ಮೆಚ್ಚಿದಳು. ಬೆಳೆಯುತ್ತಿದ್ದ ಅನ್ನಾಳಿಗೂ ತಾಯಿಯ ಜೀವನವೇ ಮಾದರಿಯಾಯಿತು. ಆದರೆ ಇವರು ಮೂವರೂ ಬಯಸಿದ ಸನ್ಯಾಸಕ್ಕೆ ಆಗ ಕೇರಳದಲ್ಲಿ ಎಡೆಯೇ ಇರಲಿಲ್ಲ. ಗಂಡಸರಿಗೆ ಮಠವಿದ್ದಿತು, ಈ ನೆಲದ ಹೆಣ್ಣುಮಕ್ಕಳಿಗೆ ಒಂದು ಕನ್ಯಾಮಠವೂ ಇರಲಿಲ್ಲ.

೧೮೬೨ರಲ್ಲಿ ಏಲೀಶ್ವಾ ತಮ್ಮ ಮನಸ್ಸಿನ ಆಸೆಯನ್ನು ಕೂನಮ್ಮಾವಿನಲ್ಲಿದ್ದ ಇಟಲಿಯ ಕಾರ್ಮೆಲ್ ಸಭೆಯ ಪಾದ್ರಿ ಲಿಯೋಪೋಲ್ಡ್ ಬೆಕ್ಕಾರೋ ಅವರಲ್ಲಿ ತೋಡಿಕೊಂಡರು. ಅವರು ಅದನ್ನು ವರಾಪುಳದ ಧರ್ಮಾಧ್ಯಕ್ಷರಾಗಿದ್ದ ಬೆರ್ನಾರ್ಡಿನ್ ಬಚ್ಚಿನೆಲ್ಲಿಯವರಿಗೆ ತಿಳಿಸಿದರು. ಕೂನಮ್ಮಾವಿನ ಮಠದಲ್ಲಿ ಆಗ ನೆಲೆಸಿದ್ದ ಕುರಿಯಾಕೋಸ್ ಏಲಿಯಾಸ್ ಚಾವರ ಅವರೂ ಈ ಕೆಲಸಕ್ಕೆ ಹೆಗಲು ಕೊಟ್ಟರು. ಇವರೇ ೨೦೧೪ರಲ್ಲಿ ಸಂತಪದವಿಗೆ ಏರಿದ ಚಾವರ ಅಚ್ಚನ್. ಕಡೆಗೆ ೧೮೬೬ನೆಯ ಇಸವಿ ಫೆಬ್ರವರಿ ೧೩ರಂದು ಕೂನಮ್ಮಾವಿನಲ್ಲಿ ಕಾರ್ಮೆಲ್ ಸಭೆಯ ಮೂರನೆಯ ವರ್ಗಕ್ಕೆ ಸೇರಿದ ಸನ್ಯಾಸಿನೀ ಸಂಘವು ಆರಂಭವಾಯಿತು. ಕೇರಳದಲ್ಲಿ ದೇಶೀಯ ಮಹಿಳೆಯರಿಗಾಗಿ ಹುಟ್ಟಿದ ಮೊದಲ ಕನ್ಯಾಮಠ ಇದೇ.

ಮಠವೆಂದೊಡನೆ ಕಲ್ಲುಗೋಡೆಯ ದೊಡ್ಡ ಕಟ್ಟಡವನ್ನು ನೆನೆಯಬೇಡಿರಿ. ಬಿದಿರಿನ ತಟ್ಟಿಗಳನ್ನು ಹೆಣೆದು ನಿಲ್ಲಿಸಿದ ಒಂದು ಗುಡಿಸಲು ಅದು. ಇಲ್ಲಿನ ಜನ ಇಂದಿಗೂ ಅದನ್ನು ಪನಂಬುಮಠ, ಎಂದರೆ ತಟ್ಟಿಯ ಮಠ, ಎಂದೇ ನೆನೆಯುತ್ತಾರೆ. ಮೂವತ್ತನಾಲ್ಕು ವಯಸ್ಸಿನ ತಾಯಿ, ಇನ್ನೂ ಹದಿನಾರನ್ನು ಮುಟ್ಟಿದ ಮಗಳು, ಒಬ್ಬ ತಂಗಿ. ಮೊದಲ ಸನ್ಯಾಸಿನಿಯರ ಸಾಲಿನಲ್ಲಿ ಒಂದೇ ಮನೆಯ ಮೂವರು ಸೇರಿದ್ದರು. ಮರುವರ್ಷ, ೧೮೬೭ರ ನವೆಂಬರಿನಲ್ಲಿ, ಅವರಿಗೆ ಒಂದು ಭದ್ರವಾದ ಕಟ್ಟಡ ದೊರೆಯಿತು.

ಪ್ರಾರ್ಥನೆಯೊಂದರಲ್ಲಿಯೇ ಈ ಸಂಘ ತೃಪ್ತಿಪಡಲಿಲ್ಲ. ೧೮೬೮ರಲ್ಲಿ ಮಠದ ಆಶ್ರಯದಲ್ಲಿ ಹೆಣ್ಣುಮಕ್ಕಳ ಶಾಲೆ ಏರ್ಪಟ್ಟಿತು. ದೂರದ ಮಕ್ಕಳಿಗೆ ವಸತಿಯೂ, ದಿಕ್ಕಿಲ್ಲದ ಮಕ್ಕಳಿಗೆ ಆಶ್ರಯವೂ ಜೊತೆಗೂಡಿದುವು. ಓದು, ಬರಹ, ಪ್ರಾರ್ಥನೆಗಳೊಡನೆ ಹೊಲಿಗೆ ಮತ್ತು ಕೈಕೆಲಸಗಳನ್ನೂ ಕಲಿಸುತ್ತಿದ್ದರು. ಹೊಲಿಗೆ ಕಲಿತ ಹುಡುಗಿ ನಾಳೆ ನಾಲ್ಕು ಕಾಸು ದುಡಿಯಬಲ್ಲಳು ಎಂಬುದನ್ನು ಲೆಕ್ಕದ ಪುಸ್ತಕ ಬಲ್ಲ ನಾನು ಬೇಗನೆ ಅರಿತುಕೊಂಡೆ. ಆಸ್ತಿಯ ಪಾಲು ಸಿಗದ ಹೆಣ್ಣಿಗೆ ಕೈಯ ವಿದ್ಯೆಯೇ ಆಸ್ತಿ.

ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದವರಲ್ಲಿ ಇವರೇ ಮೊದಲಿಗರೆಂದು ಹೇಳುವುದು ಸರಿಯಾಗದು. ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆಯವರು ೧೮೪೮ರಲ್ಲಿಯೇ ಶಾಲೆ ತೆರೆದಿದ್ದರು. ತಿರುವಾಂಕೂರಿನಲ್ಲಿ ಮಿಷನರಿಗಳ ಪತ್ನಿಯರು ಅದಕ್ಕೂ ಮುಂಚೆ ದುಡಿದಿದ್ದರು. ಆದರೆ ವರಾಪುಳದ ಆಡಳಿತಕ್ಕೆ ಸೇರಿದ ಈ ಸೀಮೆಯಲ್ಲಿ ಇಲ್ಲಿಯೇ ಹುಟ್ಟಿ, ಇಲ್ಲಿಯ ಮಾತನ್ನೇ ಆಡುತ್ತಿದ್ದ ವಿಧವೆಯೊಬ್ಬರು ತನ್ನ ಮಗಳನ್ನೂ ತಂಗಿಯನ್ನೂ ಜೊತೆಗೆ ನಿಲ್ಲಿಸಿಕೊಂಡು ಇಂತಹ ಕೆಲಸಕ್ಕೆ ಇಳಿದುದು ಹೊಸ ಸಂಗತಿ. ತಂಗಿ ತ್ರೇಸ್ಯಾ ಶಿಕ್ಷಕಿಯಾಗಿ ತರಬೇತಿ ಪಡೆದು ಪಾಠದ ಹೊಣೆ ಹೊತ್ತಳು.

ನಮ್ಮ ಕನ್ನಡನಾಡಿನ ಕರಾವಳಿಯಲ್ಲಿ ಇದೇ ಕಾಲದಲ್ಲಿ ನಡೆದುದನ್ನೂ ಇಲ್ಲಿ ನೆನೆಯಬೇಕು. ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಹುಟ್ಟಿದ ಸೋಫಿ ಲೀವ್ಸ್ (೧೮೨೩–೧೯೦೬) ಎಂಬ ಇಂಗ್ಲಿಷ್ ಮಹಿಳೆ ಸನ್ಯಾಸ ಸ್ವೀಕರಿಸಿ ತಾಯಿ ವೆರೋನಿಕಾ ಎನಿಸಿಕೊಂಡರು. ೧೮೬೨ರಲ್ಲಿ ಕೋಳಿಕ್ಕೋಡಿಗೆ ಬಂದು ಶಾಲೆ ನಡೆಸಿದರು. ಅನಂತರ ಫ್ರಾನ್ಸಿನ ಬಯೋನ್ ನಗರದಲ್ಲಿ ೧೮೬೮ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಂಘವನ್ನು ಕಟ್ಟಿದರು. ಆ ಸಂಘದ ಸನ್ಯಾಸಿನಿಯರು ೧೮೭೦ರ ನವೆಂಬರಿನಲ್ಲಿ ಮಂಗಳೂರಿಗೆ ಬಂದು ಸಂತ ಆ್ಯನ್ಸ್ ಮಠದಲ್ಲಿ ನೆಲೆಗೊಂಡರು. ೧೯೨೧ರಲ್ಲಿ ಮಂಗಳೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ತೆರೆದ ಸಂತ ಆ್ಯಗ್ನೆಸ್ ಕಾಲೇಜು ಇದೇ ಸಂಘದ ಕೊಡುಗೆ. ನಮ್ಮ ಸಂಘದ ಮನೆಗಳಲ್ಲಿ ಅಲ್ಲಿ ಓದಿದ ಅಕ್ಕಂದಿರೂ, ಅತ್ತೆಯಂದಿರೂ ಇದ್ದಾರೆ. ಮಂಗಳೂರಿಗೆ ವಿದ್ಯೆ ತಂದ ಕಾರ್ಮೆಲ್ ಸಮುದ್ರ ದಾಟಿ ಬಂದಿತು. ಕೂನಮ್ಮಾವಿನ ಕಾರ್ಮೆಲ್ ಬಿದಿರಿನ ತಟ್ಟಿಯ ಒಳಗೆ ಈ ಮಣ್ಣಿನಲ್ಲಿಯೇ ಹುಟ್ಟಿತು. ಎರಡಕ್ಕೂ ನಡುವೆ ನಾಲ್ಕೇ ವರ್ಷಗಳ ಅಂತರ.

ಇನ್ನು ತಾಯಿ ಏಲೀಶ್ವಾ ಅವರ ಬಾಳಿನ ಅತ್ಯಂತ ಕಠಿಣ ಪರೀಕ್ಷೆಯ ಮಾತು. ಕೇರಳದ ಕಥೋಲಿಕರಲ್ಲಿ ಲ್ಯಾಟಿನ್ ಕ್ರಮದವರು, ಸುರಿಯಾನಿ ಕ್ರಮದವರು ಎಂಬ ಭೇದವುಂಟು. ನಂಬಿಕೆ ಒಂದೇ, ಪೂಜಾಪದ್ಧತಿ ಬೇರೆ. ನಮ್ಮ ಮಠಮಠಗಳಲ್ಲಿ ಸಂಪ್ರದಾಯ ಬೇರೆಯಾಗಿರುವಂತೆಯೇ ಎನ್ನಬಹುದು. ಕೂನಮ್ಮಾವಿನ ಮಠದಲ್ಲಿ ಎರಡೂ ಕ್ರಮಗಳ ಸನ್ಯಾಸಿನಿಯರು ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ಒಂದೇ ಸೂರಿನಡಿ ಬಾಳಿದ್ದರು. ೧೮೮೭ರಲ್ಲಿ ರೋಮಿನ ಆಜ್ಞೆಯಂತೆ ಸುರಿಯಾನಿ ಕಥೋಲಿಕರ ಆಡಳಿತವನ್ನು ವರಾಪುಳದಿಂದ ಬೇರ್ಪಡಿಸಲಾಯಿತು. ಆ ವಿಭಜನೆ ಕನ್ಯಾಮಠದ ಹೊಸ್ತಿಲಿಗೂ ಬಂದಿತು. ೧೮೯೦ರ ಸೆಪ್ಟೆಂಬರಿನಲ್ಲಿ ಲ್ಯಾಟಿನ್ ಕ್ರಮದವರು ಕೂನಮ್ಮಾವಿನ ಮಠವನ್ನು ಬಿಟ್ಟು ಹೊರಡಬೇಕಾಯಿತು. ತಾಯಿ ಏಲೀಶ್ವಾ ಲ್ಯಾಟಿನ್ ಕ್ರಮದವರು. ಅವರ ಮಗಳೂ ತಂಗಿಯೂ ಅದೇ ಕ್ರಮದವರು.

ವಾಚಕರು ಒಂದು ಗಳಿಗೆ ಯೋಚಿಸಬೇಕು. ಬಿದಿರಿನ ತಟ್ಟಿಯಿಂದ ಹಿಡಿದು ಶಾಲೆ, ವಸತಿಗಳವರೆಗೆ ತಾವೇ ನಿಂತು ಬೆಳೆಸಿದ ಮನೆ. ತಾವೇ ತಿದ್ದಿದ ಕಿರಿಯ ಸೋದರಿಯರು. ಐವತ್ತೊಂಬತ್ತರ ಸಮೀಪದ ವಯಸ್ಸು. ಆ ಮನೆಯಿಂದ ಬರಿಗೈಯಲ್ಲಿ ಹೊರಡಬೇಕು. ವರ್ಗಾವಣೆಯ ಹುಕುಂ ಬಂದಾಗ ಬಾಡಿಗೆಯ ಮನೆಯನ್ನು ಬಿಡಲೂ ನಮಗೆ ಕರುಳು ಕಿವುಚುತ್ತದೆ. ಈ ತಾಯಿ ಜಗಳವಾಡಲಿಲ್ಲ, ಹಕ್ಕುಸಾಧನೆಗೆ ಇಳಿಯಲಿಲ್ಲ. ಮಗಳನ್ನೂ ತಂಗಿಯನ್ನೂ ಕರೆದುಕೊಂಡು ಹೊರಟು, ಅದೇ ವರ್ಷದ ನವೆಂಬರಿನಲ್ಲಿ ವರಾಪುಳದ ಸಂತ ಜೋಸೆಫರ ಕನ್ಯಾಮಠದಲ್ಲಿ ಮೊದಲಿನಿಂದ ಆರಂಭಿಸಿದರು. ಅಲ್ಲಿಯೂ ಪ್ರಾರ್ಥನೆ, ವಿದ್ಯಾದಾನ, ಅನಾಥರ ಪೋಷಣೆ ಮುಂದುವರಿದುವು.

ಅವರು ಬಿಟ್ಟುಬಂದ ಕೂನಮ್ಮಾವಿನ ಮನೆಯೂ ಬಾಡಲಿಲ್ಲ. ಅಲ್ಲಿನ ವಸತಿಶಾಲೆಯಲ್ಲಿ ಬೆಳೆದ ಬಾಲಕಿಯೊಬ್ಬಳು ಮುಂದೆ ಸಂತ ಎವುಪ್ರಾಸ್ಯಾ ಎನಿಸಿ, ಚಾವರ ಅವರೊಂದಿಗೆ ಒಂದೇ ದಿನ ಸಂತಪದವಿಯನ್ನು ಪಡೆದಳು. ಒಂದು ಬೇರಿನಿಂದ ಎರಡು ಮರಗಳಾದುವು: ಸುರಿಯಾನಿ ಕ್ರಮದ ಸಿ.ಎಂ.ಸಿ. ಸಂಘ, ಲ್ಯಾಟಿನ್ ಕ್ರಮದ ಸಿ.ಟಿ.ಸಿ. ಸಂಘ. ಸ್ಥಾಪಕರ ಗೌರವವನ್ನು ಮೊದಲನೆಯವರು ಚಾವರ ಮತ್ತು ಲಿಯೋಪೋಲ್ಡ್ ಅವರಿಗೆ ಸಲ್ಲಿಸುತ್ತಾರೆ. ಎರಡನೆಯವರು ತಾಯಿ ಏಲೀಶ್ವಾ ಅವರಿಗೆ ಸಲ್ಲಿಸುತ್ತಾರೆ. ಆ ವಾದವನ್ನು ತೀರ್ಮಾನಿಸುವ ಯೋಗ್ಯತೆ ನನ್ನದಲ್ಲ. ಆದರೆ ಆ ತಟ್ಟಿಯ ಮಠದಲ್ಲಿ ಮೊದಲ ದೀಪ ಹಚ್ಚಿದವರಲ್ಲಿ ಈ ವಿಧವೆ ಇದ್ದರೆಂಬುದನ್ನು ಎರಡೂ ಕಡೆಯವರು ಬಲ್ಲರು.

ಇನ್ನೂ ಇಪ್ಪತ್ತಮೂರು ವರ್ಷಗಳ ಕಾಲ ವರಾಪುಳದಲ್ಲಿ ಬಾಳಿ, ೧೯೧೩ರ ಜುಲೈ ೧೮ರಂದು, ಎಂಬತ್ತೊಂದನೆಯ ವಯಸ್ಸಿನಲ್ಲಿ ತಾಯಿ ಏಲೀಶ್ವಾ ದೇಹತ್ಯಾಗ ಮಾಡಿದರು. ಬಹುಕಾಲ ಅವರ ಹೆಸರು ಮಠದ ಗೋಡೆಗಳ ಒಳಗೇ ಉಳಿದಿತ್ತು. ೨೦೦೮ರಲ್ಲಿ ಅವರನ್ನು ದೇವರ ಸೇವಕಿಯೆಂದೂ, ೨೦೨೩ರಲ್ಲಿ ಪೂಜ್ಯರೆಂದೂ ಧರ್ಮಸಭೆ ಸಾರಿತು. ೨೦೨೫ರ ನವೆಂಬರ್ ೮ರಂದು ವಲ್ಲಾರ್‌ಪಾಡಂ ಬಸಿಲಿಕಾದಲ್ಲಿ ಅವರನ್ನು ಪುನೀತೆ ಎಂದು ಘೋಷಿಸಲಾಯಿತು. ಅವರು ಹುಟ್ಟಿದ ವೈಪೀನ್ ದ್ವೀಪಕ್ಕೂ ವಲ್ಲಾರ್‌ಪಾಡಂ ದ್ವೀಪಕ್ಕೂ ನಡುವೆ ಹಿನ್ನೀರೊಂದೇ ಅಡ್ಡ.

ವೈಧವ್ಯವನ್ನು ಕಣ್ಣೀರಿನಲ್ಲಿ ಕಳೆಯದೆ ಸೇವೆಗೆ ತಿರುಗಿಸಿದ ತಾಯಂದಿರು ನಮ್ಮಲ್ಲಿಯೂ ಉಂಟು. ಬಾಲವಿಧವೆಯಾಗಿ ಬರವಣಿಗೆ ಮತ್ತು ಮುದ್ರಣಗಳಿಂದ ಕನ್ನಡ ಹೆಣ್ಣುಮಕ್ಕಳ ಕಣ್ಣು ತೆರೆಸಿದ ನಂಜನಗೂಡು ತಿರುಮಲಾಂಬ (೧೮೮೭–೧೯೮೨) ಅವರನ್ನು ಕನ್ನಡಿಗರು ಮರೆಯುವಂತಿಲ್ಲ. ಧರ್ಮ ಬೇರೆ, ನಾಡು ಬೇರೆ, ಮಾತು ಬೇರೆ. ಕೈಗೊಂಡ ವ್ರತ ಒಂದೇ.

ರಾಜ್ಯೋತ್ಸವದ ಈ ಶುಭದಿನ ನಾವು ಕನ್ನಡತಾಯಿಗೆ ವಂದಿಸುತ್ತೇವೆ. ನಮಗೆ ಅನ್ನವಿಟ್ಟ, ನಮ್ಮ ಮಕ್ಕಳಿಗೆ ಪಾಠ ಹೇಳುವ ಈ ನೆಲದ ತಾಯಂದಿರನ್ನೂ ಅರಿತುಕೊಳ್ಳುವುದು ನಮ್ಮ ಕರ್ತವ್ಯವಲ್ಲವೇ? ಮುಂದಿನ ರಜೆಯಲ್ಲಿ ಊರಿಗೆ ಹೊರಡುವ ಮುನ್ನ ಒಂದು ಸಂಜೆ ಮಕ್ಕಳನ್ನು ಕರೆದುಕೊಂಡು ವರಾಪುಳಕ್ಕೆ ಹೋಗಿಬನ್ನಿರಿ. ಬಸ್ಸು ಕೂನಮ್ಮಾವನ್ನು ದಾಟುವಾಗ ಒಂದು ಕ್ಷಣ ಎಚ್ಚರವಾಗಿದ್ದು, ಇಲ್ಲಿಯೇ ಬಿದಿರಿನ ತಟ್ಟಿಯ ಮಠವಿದ್ದಿತೆಂದು ಅವರಿಗೆ ತೋರಿಸಿರಿ.